ಊಟದ ಹೊತ್ತು ಯಾರ ಕೈಯಲ್ಲಿದೆ?

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವರ್ತಕರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಕೂಲಿ, ತುಟ್ಟಿಭತ್ಯೆ, ಬೋನಸ್ಸು ಇವುಗಳ ಮಾತನ್ನು ನಾವು ಎಷ್ಟೋ ಸಭೆಗಳಲ್ಲಿ ಆಡಿದ್ದೇವೆ. ಇಂದು ಊಟದ ಮಾತನ್ನು ಆಡಬೇಕೆಂದಿದ್ದೇವೆ. ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂದು ಹೇಳುವವರು ಬೇಕಾದಷ್ಟು ಜನರಿದ್ದಾರೆ. ಯಾವ ಹೊತ್ತಿಗೆ ಉಣ್ಣಬೇಕು ಎಂದು ಕೇಳುವವರು ಕಡಿಮೆ. ಆ ಹೊತ್ತನ್ನು ಗೊತ್ತುಮಾಡುವವರು ಯಾರು ಎಂದು ಕೇಳುವವರಂತೂ ಇನ್ನೂ ಕಡಿಮೆ. ಈ ಎರಡು ಪ್ರಶ್ನೆಗಳನ್ನೂ ನಾವು ಇಂದು ಒಟ್ಟಿಗೇ ಎತ್ತಬೇಕಾಗಿದೆ.

ಹೊಟ್ಟೆಯ ವಿಚಾರ ಡಾಕ್ಟರಿಗೆ ಬಿಟ್ಟದ್ದು, ಅದು ಸಂಘಕ್ಕೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಔಷಧ ಕೊಡುವುದು ಡಾಕ್ಟರ ಕೆಲಸವೇ ಸರಿ. ಆದರೆ ರಾತ್ರಿ ಎರಡು ಗಂಟೆಗೆ ಬುತ್ತಿ ಬಿಚ್ಚುವಂತೆ ಮಾಡಿದ್ದು ಪಾಳಿಯ ಪಟ್ಟಿ. ಹತ್ತೂವರೆಗೆ ಬಾಗಿಲೆಳೆದು, ಮನೆಗೆ ಹೋಗಿ, ಹನ್ನೊಂದಕ್ಕೆ ತಟ್ಟೆಯ ಮುಂದೆ ಕೂರುವಂತೆ ಮಾಡಿದ್ದು ಪೇಟೆಯ ಪೈಪೋಟಿ. ಇವೆರಡೂ ಡಾಕ್ಟರ ಚೀಟಿಯಿಂದ ಬದಲಾಗುವಂಥವಲ್ಲ.

ರೋಗದ ಲೆಕ್ಕ

ಮೊದಲು ಲೆಕ್ಕವನ್ನು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆಯ ಫಲ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 2021ರಲ್ಲಿ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇದ್ದವರು 10 ಕೋಟಿ 10 ಲಕ್ಷ ಜನ. ಆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರು 13 ಕೋಟಿ 60 ಲಕ್ಷ ಜನ. ಹಿಂದೆ ಇದನ್ನು ಶ್ರೀಮಂತರ ರೋಗವೆನ್ನುತ್ತಿದ್ದರು. ಗಾದಿಯ ಮೇಲೆ ಒರಗಿಕೊಂಡು ತುಪ್ಪದ ಊಟ ಮಾಡುವವರಿಗೆ ಮಾತ್ರ ಬರುವಂಥದೆಂದು ತಿಳಿದಿದ್ದರು. ಇಂದು ನೂಲಿನ ಖಾತೆಯಲ್ಲಿ ಎಂಟು ಗಂಟೆ ನಿಂತು ದುಡಿಯುವವನಿಗೂ ಅದು ಬಂದಿದೆ. ಕಿರಾಣಿ ಅಂಗಡಿಯಲ್ಲಿ ತೂಕ ಹಾಕುವವನಿಗೂ ಬಂದಿದೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವ ಹೆಣ್ಣುಮಗಳಿಗೂ ಬಂದಿದೆ.

ಬಂದ ಮೇಲೆ ಅದು ಏನು ಮಾಡುತ್ತದೆಂಬುದು ನಿಮಗೆ ಗೊತ್ತಿರುವುದೇ. ಕಾಲಿನ ಗಾಯ ಬೇಗ ಮಾಯುವುದಿಲ್ಲ, ಕಣ್ಣು ಮಂಜಾಗುತ್ತದೆ, ಮೂತ್ರಪಿಂಡ ಸೋಲುತ್ತದೆ, ಹೃದಯಕ್ಕೆ ಪೆಟ್ಟು ಬೀಳುತ್ತದೆ. ಕೂತು ಉಣ್ಣುವವನಿಗೆ ಕಣ್ಣು ಮಂಜಾದರೆ ಕನ್ನಡಕದ ಮಾತು. ಹರಿದ ಎಳೆಯನ್ನು ಹುಡುಕಿ ಕೂಡಿಸಬೇಕಾದವನಿಗೆ ಅದು ಅನ್ನದ ಮಾತು.

ಇಷ್ಟಾದ ಮೇಲೂ ರೋಗಿಗೆ ಸಿಗುವ ಬುದ್ಧಿವಾದ ಒಂದೇ: "ನೀನು ಬಾಯಿ ಕಟ್ಟಲಿಲ್ಲ." ಈ ಮಾತು ಅರ್ಧ ಸತ್ಯ. ಉಳಿದ ಅರ್ಧವನ್ನು ಈಗ ವಿಜ್ಞಾನ ಹೇಳುತ್ತಿದೆ. ಅದನ್ನು ನಾವು ತಿಳಿದುಕೊಳ್ಳತಕ್ಕದ್ದು.

ಒಡಲೊಳಗಿನ ಗಡಿಯಾರ

ನಮ್ಮ ಮೈಯೊಳಗೆ ಗಡಿಯಾರವಿದೆ ಎಂದರೆ ಅಲಂಕಾರದ ಮಾತಲ್ಲ. ಮಿದುಳಿನ ತಳಭಾಗದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆ, ಒಂದು ಚಿಕ್ಕ ನರಗಂಟು ಇದೆ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿಕೊಂಡು ಅದು ದಿನದಿನವೂ ತನ್ನ ಮುಳ್ಳನ್ನು ಸರಿಪಡಿಸಿಕೊಳ್ಳುತ್ತದೆ. ಇದಲ್ಲದೆ ಯಕೃತ್ತು, ಕರುಳು, ಮೇದೋಜೀರಕ ಗ್ರಂಥಿ, ಕೊಬ್ಬು, ಮಾಂಸಖಂಡ ಇವುಗಳ ಕಣಕಣದಲ್ಲೂ ಅಂಥದೇ ಸಣ್ಣ ಗಡಿಯಾರಗಳಿವೆ. ಈ ಗಡಿಯಾರ ಹೇಗೆ ನಡೆಯುತ್ತದೆಂಬುದನ್ನು ಹಣ್ಣಿನ ನೊಣದಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಷ್, ಮೈಕೇಲ್ ಯಂಗ್ ಎಂಬ ಮೂವರು ಅಮೇರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂದಿತು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಮಿದುಳಿನ ಗಡಿಯಾರಕ್ಕೆ ಬೆಳಕೇ ಯಜಮಾನ. ಯಕೃತ್ತಿನ ಗಡಿಯಾರವಾದರೋ ಊಟದ ಹೊತ್ತನ್ನು ನೋಡಿ ನಡೆಯುತ್ತದೆ. ಇಲಿಗಳಿಗೆ ಅವು ಮಲಗುವ ಹೊತ್ತಿನಲ್ಲಿ ಮಾತ್ರ ತಿನ್ನಲು ಕೊಟ್ಟು ನೋಡಿದಾಗ, ಯಕೃತ್ತಿನ ಗಡಿಯಾರ ಊಟದ ಕಡೆಗೆ ತಿರುಗಿತು, ಮಿದುಳಿನದು ಇದ್ದಲ್ಲೇ ಇತ್ತು. ಇದು 2000ದಲ್ಲಿ ಪ್ರಕಟವಾದ ವಿಷಯ. ಒಂದೇ ಗಿರಣಿಯಲ್ಲಿ ಒಂದು ಖಾತೆ ಹಗಲಿನ ಲೆಕ್ಕದಲ್ಲಿ, ಇನ್ನೊಂದು ಖಾತೆ ರಾತ್ರಿಯ ಲೆಕ್ಕದಲ್ಲಿ ನಡೆದರೆ ಮಾಲಿನ ಗತಿ ಏನಾದೀತು? ಅಕಾಲದಲ್ಲಿ ಉಂಡವನ ಮೈಯ ಗತಿಯೂ ಅದೇ.

ಇನ್ನೂ ಬಿಡಿಸಿ ಹೇಳುವುದಾದರೆ, ಭತ್ತದ ಗಿರಣಿಯ ಉಗ್ರಾಣವನ್ನು ನೆನೆಯಿರಿ. ಬೆಳಗಿನ ಹತ್ತು ಗಂಟೆಗೆ ನೂರು ಚೀಲ ಬಂದರೆ ಹಮಾಲರಿದ್ದಾರೆ, ತೂಕದವರಿದ್ದಾರೆ, ಬಾಗಿಲು ತೆರೆಯುವ ಗುಮಾಸ್ತನಿದ್ದಾನೆ. ಚೀಲಗಳು ಹೊತ್ತು ಮುಳುಗುವುದರೊಳಗೆ ಒಳಗೆ ಸೇರುತ್ತವೆ. ಅದೇ ನೂರು ಚೀಲ ನಡುರಾತ್ರಿ ಬಂದರೆ ಒಬ್ಬ ಕಾವಲುಗಾರನಿರುತ್ತಾನೆ, ಅವನಿಗೂ ತೂಕಡಿಕೆ. ಚೀಲಗಳು ಬೀದಿಯಲ್ಲೇ ಬಿದ್ದಿರುತ್ತವೆ. ನಾವು ಉಂಡ ಅನ್ನ, ಮುದ್ದೆ, ರೊಟ್ಟಿ ಎಲ್ಲವೂ ಒಳಗೆ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ. ಅದನ್ನು ಮಾಂಸಖಂಡದ ಒಳಗೆ ಸೇರಿಸುವ ಗುಮಾಸ್ತನೇ ಮೇದೋಜೀರಕ ಗ್ರಂಥಿಯಿಂದ ಬರುವ ಇನ್‌ಸುಲಿನ್. ಕತ್ತಲಾದ ಮೇಲೆ ಮೈಯಲ್ಲಿ ಮೆಲಟೋನಿನ್ ಎಂಬ ರಸ ಏರುತ್ತದೆ. ಅದು ನಿದ್ದೆಯ ಹೊತ್ತನ್ನು ಮೈಗೆ ತಿಳಿಸುತ್ತದೆ, ಜೊತೆಗೆ ಇನ್‌ಸುಲಿನ್ ಬರುವುದನ್ನೂ ತಗ್ಗಿಸುತ್ತದೆ. ಆಗ ಉಂಡರೆ ಸಕ್ಕರೆ ರಕ್ತದಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ. ರಾತ್ರಿ ರಾತ್ರಿ ಹೀಗಾದರೆ, ವರ್ಷ ವರ್ಷ ಹೀಗಾದರೆ, ಗ್ರಂಥಿ ದಣಿಯುತ್ತದೆ.

ಪರೀಕ್ಷೆ ಮಾಡಿ ನೋಡಿದ ಸಂಗತಿಗಳು

ಇದೆಲ್ಲ ಬಾಯಿಮಾತಲ್ಲ. ಅಮೇರಿಕದ ಬಾಸ್ಟನ್ ನಗರದಲ್ಲಿ ಆರೋಗ್ಯವಂತರನ್ನು ಪ್ರಯೋಗಶಾಲೆಯಲ್ಲಿರಿಸಿ, ಒಂದೇ ಬಗೆಯ ಊಟವನ್ನು ಬೆಳಿಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ ಕೊಟ್ಟು ನೋಡಿದರು. ರಾತ್ರಿಯ ಊಟದ ನಂತರ ರಕ್ತದ ಸಕ್ಕರೆ ಶೇಕಡ 17ರಷ್ಟು ಹೆಚ್ಚಾಗಿತ್ತು. ಅದೇ ಅನ್ನ, ಅದೇ ತೂಕ, ಅದೇ ಮನುಷ್ಯ. ಬದಲಾದದ್ದು ಹೊತ್ತು ಮಾತ್ರ. ಇದು 2015ರಲ್ಲಿ ಪ್ರಕಟವಾಯಿತು.

ಅದೇ ನಗರದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. 19 ಮಂದಿ ಆರೋಗ್ಯವಂತ ಯುವಕ ಯುವತಿಯರನ್ನು ರಾತ್ರಿ ಪಾಳಿಯವರಂತೆ ರಾತ್ರಿ ಎಚ್ಚರವಿರಿಸಿ ಹಗಲು ಮಲಗಿಸಿದರು. ಒಂದು ಗುಂಪಿಗೆ ರಾತ್ರಿಯೂ ಊಟ. ಇನ್ನೊಂದು ಗುಂಪಿಗೆ ಹಗಲಿನಲ್ಲಿ ಮಾತ್ರ ಊಟ. ರಾತ್ರಿ ಉಂಡವರ ಸಕ್ಕರೆ ಶೇಕಡ 6.4ರಷ್ಟು ಏರಿತು. ಹಗಲಿನಲ್ಲಿ ಮಾತ್ರ ಉಂಡವರಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಅಂದರೆ ರಾತ್ರಿ ದುಡಿದದ್ದಕ್ಕಿಂತ ರಾತ್ರಿ ಉಂಡದ್ದೇ ಸಕ್ಕರೆಯನ್ನು ಏರಿಸಿತು.

ಹದಿನಾಲ್ಕು ದಿನದ ಪ್ರಯೋಗದಿಂದ ಜೀವಮಾನದ ಲೆಕ್ಕ ತಿಳಿದೀತೆ ಎಂದು ಕೇಳುವವರಿಗೂ ಉತ್ತರವಿದೆ. ಅಮೇರಿಕದಲ್ಲಿ ಸುಮಾರು 1 ಲಕ್ಷ 77 ಸಾವಿರ ದಾದಿಯರನ್ನು ಎಷ್ಟೋ ವರ್ಷ ಗಮನಿಸಿ 2011ರಲ್ಲಿ ವರದಿ ಮಾಡಿದರು. ಹಗಲು ಪಾಳಿಗಳ ನಡುವೆ ರಾತ್ರಿ ಪಾಳಿಯನ್ನೂ ಮಾಡುತ್ತ 10ರಿಂದ 19 ವರ್ಷ ಕಳೆದವರಿಗೆ ಸಕ್ಕರೆ ಕಾಯಿಲೆಯ ಸಂಭವ ಶೇಕಡ 40ರಷ್ಟು ಹೆಚ್ಚು. 20 ವರ್ಷ ದಾಟಿದವರಿಗೆ ಶೇಕಡ 58ರಷ್ಟು ಹೆಚ್ಚು. ಇದರಲ್ಲಿ ಬಹುಪಾಲು ಮೈತೂಕ ಏರಿದ್ದರಿಂದ ಆದದ್ದು. ಆ ತೂಕದ ಲೆಕ್ಕವನ್ನು ಕಳೆದ ಮೇಲೂ 20 ವರ್ಷ ದಾಟಿದವರಲ್ಲಿ ಶೇಕಡ 24 ಉಳಿಯಿತು. ರೋಗಿಗಳ ಸೇವೆ ಮಾಡುವ ದಾದಿಯರಿಗೆ ಪಥ್ಯದ ವಿಚಾರ ತಿಳಿಯದೆ? ತಿಳಿದವರಿಗೇ ಹೀಗಾಯಿತೆಂದರೆ ತಪ್ಪು ನಾಲಗೆಯದು ಮಾತ್ರವಲ್ಲ ಎಂದಾಯಿತು.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಹೊತ್ತು ಎಂಬುದು ಮಂತ್ರದ ಕೋಲಲ್ಲ. ಚೀನದ ಗ್ವಾಂಗ್‌ಝೌ ನಗರದಲ್ಲಿ ಬೊಜ್ಜಿನ 139 ಜನರ ಊಟವನ್ನು ಒಂದು ವರ್ಷ ಕಡಿಮೆ ಮಾಡಿ, ಅವರಲ್ಲಿ ಕೆಲವರಿಗೆ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ಉಣ್ಣಲು ಹೇಳಿದರು. 2022ರಲ್ಲಿ ಬಂದ ಫಲವೇನೆಂದರೆ, ಎರಡು ಗುಂಪಿನವರೂ ತೂಕ ಇಳಿಸಿದರು, ಆದರೆ ಗಂಟೆ ಕಟ್ಟಿದವರಿಗೆ ಎದ್ದುಕಾಣುವ ಹೆಚ್ಚಿನ ಲಾಭವೇನೂ ಆಗಲಿಲ್ಲ. ಆದುದರಿಂದ ಉಣ್ಣುವ ಪ್ರಮಾಣವೂ ಮುಖ್ಯ, ಪದಾರ್ಥವೂ ಮುಖ್ಯ. ಹೊತ್ತು ಇವೆರಡರ ಜೊತೆಗೆ ಮೂರನೆಯದು. ಪೇಟೆಯಲ್ಲಿ ಉಪವಾಸವನ್ನೂ ಔಷಧದಂತೆ ಮಾರುವವರಿದ್ದಾರೆ. ಅವರ ಮಾತಿಗೆ ಮರುಳಾಗಬೇಕಾಗಿಲ್ಲ.

ಹಿರಿಯರ ಹೊತ್ತು, ನಮ್ಮ ಹೊತ್ತು

ನಮ್ಮ ಹಳ್ಳಿಗಳಲ್ಲಿ ಬೆಳಗಿನ ಅಂಬಲಿ, ನಡುಹಗಲಿನ ಬುತ್ತಿ, ದೀಪ ಹಚ್ಚುವ ವೇಳೆಗೆ ರಾತ್ರಿಯ ಊಟ, ಇದು ಕ್ರಮವಾಗಿತ್ತು. ಸೀಮೆಎಣ್ಣೆ ಉಳಿಯಲೆಂದು ಬೇಗ ಉಂಡು ಬೇಗ ಮಲಗುತ್ತಿದ್ದರು. ಜೈನ ಬಂಧುಗಳು ಸೂರ್ಯ ಮುಳುಗುವ ಮುನ್ನ ಉಣ್ಣುವ ನೇಮವನ್ನು ಇಂದಿಗೂ ಪಾಲಿಸುವುದುಂಟು. ಅದರ ಕಾರಣ ಅಹಿಂಸೆ, ಸಕ್ಕರೆಯ ಲೆಕ್ಕವಲ್ಲ. ಆದರೂ ಹೊತ್ತಿಗೆ ಸರಿಯಾಗಿ ಉಣ್ಣುವುದು ಜನಕ್ಕೆ ಹೊಸ ವಿದ್ಯೆಯೇನೂ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹಾಗೆಂದು ಹಿಂದಿನ ಕಾಲವೆಲ್ಲ ಚೆನ್ನಾಗಿತ್ತು ಎಂದು ನಾವು ಹೇಳುವುದಿಲ್ಲ. ಆಗ ಹೊತ್ತಿತ್ತು, ಅನ್ನವಿರಲಿಲ್ಲ. ಈಗ ಎಷ್ಟೋ ಮನೆಗಳಲ್ಲಿ ಅನ್ನವಿದೆ, ಹೊತ್ತಿಲ್ಲ. ವಿದ್ಯುತ್ ದೀಪ ಬಂದಾಗ ಯಂತ್ರಕ್ಕೆ ರಾತ್ರಿಯೇ ಇಲ್ಲವಾಯಿತು. ಯಂತ್ರದ ಮುಂದೆ ನಿಂತವನ ಕರುಳಿಗೆ ಮಾತ್ರ ರಾತ್ರಿ ರಾತ್ರಿಯಾಗಿಯೇ ಉಳಿಯಿತು.

ಎರಡನೆಯ ಪಾಳಿಯವನ ಮನೆಯನ್ನು ನೋಡಿ. ಅವನು ಹತ್ತಕ್ಕೆ ಹೊರಬಿದ್ದು ಮನೆ ಮುಟ್ಟುವಾಗ ಹನ್ನೊಂದು. ಹೆಂಡತಿ ಅಲ್ಲಿಯವರೆಗೆ ಉಣ್ಣದೆ ಕಾದಿರುತ್ತಾಳೆ. ಅವನಿಗೆ ಬಡಿಸಿ, ಉಳಿದದ್ದನ್ನು ತಾನು ಉಂಡು, ಪಾತ್ರೆ ತೊಳೆದು ಮಲಗುವಾಗ ಹನ್ನೆರಡೂವರೆ. ಬೆಳಗಿನ ಐದಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ, ಏಳಬೇಕು. ಗಿರಣಿಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ, ಆದರೆ ಗಿರಣಿಯ ಪಾಳಿಯನ್ನು ಅವಳೂ ಮಾಡುತ್ತಾಳೆ. ಅವಳ ಸಕ್ಕರೆಯನ್ನು ಪರೀಕ್ಷೆ ಮಾಡಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಗಂಡಸರು ಇಂದೇ ಮನೆಗೆ ಹೋಗಿ ಹೇಳಬೇಕಾದ ಮಾತಿದು: "ನನಗಾಗಿ ಕಾಯಬೇಡ, ಎಂಟಕ್ಕೆ ಉಂಡುಬಿಡು, ನನ್ನದನ್ನು ಮುಚ್ಚಿಡು, ನಾನೇ ಬಡಿಸಿಕೊಳ್ಳುತ್ತೇನೆ." ಇದಕ್ಕೆ ಸರ್ಕಾರದ ಅಪ್ಪಣೆ ಬೇಕಾಗಿಲ್ಲ, ಮಾಲೀಕನ ಒಪ್ಪಿಗೆಯೂ ಬೇಕಾಗಿಲ್ಲ.

ನಮ್ಮ ಕೈಯಲ್ಲಿರುವುದು

ಇನ್ನು ನಾವೇ ಮಾಡಿಕೊಳ್ಳಬಹುದಾದ ಕೆಲಸಗಳು. ಸಕ್ಕರೆ ಕಾಯಿಲೆಗೆ ಈಗಾಗಲೇ ಮಾತ್ರೆ ನುಂಗುವವರು, ಇನ್‌ಸುಲಿನ್ ಚುಚ್ಚಿಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಊಟದ ಹೊತ್ತನ್ನು ಬದಲಿಸಬಾರದು, ಊಟ ಬಿಡಲೂಬಾರದು. ಮಾತ್ರೆ ತಿಂದು ಅನ್ನ ಬಿಟ್ಟರೆ ಸಕ್ಕರೆ ಒಮ್ಮೆಗೇ ಇಳಿದು ಯಂತ್ರದ ಬಳಿಯಲ್ಲೇ ತಲೆ ಸುತ್ತಿ ಬೀಳುವ ಅಪಾಯವಿದೆ.

ರಾತ್ರಿ ಪಾಳಿಯವರು ಕೆಲಸಕ್ಕೆ ಹೊರಡುವ ಮುನ್ನ, ಏಳು ಎಂಟರ ಸುಮಾರಿಗೆ, ಊಟ ಮುಗಿಸಿಕೊಳ್ಳುವುದು ಒಳ್ಳೆಯದು. ನಡುರಾತ್ರಿಯಿಂದ ಐದರವರೆಗೆ ಹೊಟ್ಟೆ ತುಂಬ ಉಣ್ಣಬಾರದು. ಹಸಿವಾದರೆ ಒಂದು ಹಿಡಿ ಹುರಿಗಡಲೆ, ಸ್ವಲ್ಪ ಶೇಂಗಾ, ಒಂದು ಲೋಟ ಮಜ್ಜಿಗೆ ಸಾಕು. ಬೆಳಿಗ್ಗೆ ಬಂದು ಹಗುರಾಗಿ ತಿಂದು ಮಲಗಿ, ಮಧ್ಯಾಹ್ನ ಎದ್ದ ಮೇಲೆ ದೊಡ್ಡ ಊಟ ಮಾಡತಕ್ಕದ್ದು.

ಎರಡನೆಯ ಪಾಳಿಯವರು ಒಂದು ಗಂಟೆಗೆ ಸರಿಯಾಗಿ ಉಂಡು ಹೋಗಬೇಕು. ರಾತ್ರಿಯ ಬುತ್ತಿಯನ್ನು ಜೊತೆಗೇ ಒಯ್ದು ಸಂಜೆಯ ಬಿಡುವಿನಲ್ಲಿ ಮುಗಿಸಿದರೆ ಹನ್ನೊಂದರ ಊಟ ತಪ್ಪುತ್ತದೆ. ಮೊದಲ ಪಾಳಿಯವರು ಬರಿ ಚಹದ ಮೇಲೆ ಮಧ್ಯಾಹ್ನದವರೆಗೆ ದುಡಿಯುವುದನ್ನು ಬಿಡಬೇಕು.

ಅಂಗಡಿಯವರಿಗೆ ಇನ್ನೊಂದು ತೊಡಕು. ಗಿರಾಕಿ ಕರಗುವವರೆಗೆ ಮಧ್ಯಾಹ್ನದ ಊಟ ಮೂರೂವರೆಗೆ ಹೋಗುತ್ತದೆ, ನಡುವೆ ಚಹದ ಮೇಲೆ ಚಹ. ಚಹದ ಲೆಕ್ಕವನ್ನೇ ಹಾಕಿ ನೋಡಿ. ಚಮಚಕ್ಕೆ ಸುಮಾರು 4 ಗ್ರಾಂ ಸಕ್ಕರೆ. ಒಂದು ಲೋಟಕ್ಕೆ ಎರಡು ಚಮಚ. ದಿನಕ್ಕೆ ಆರು ಲೋಟ. ಅಲ್ಲಿಗೆ 48 ಗ್ರಾಂ ಆಯಿತು. ಎರಡು ಸಾವಿರ ಕ್ಯಾಲೊರಿ ಉಣ್ಣುವವನಿಗೆ ದಿನವಿಡೀ ಸೇರಿ ಸುಮಾರು 50 ಗ್ರಾಂ ದಾಟದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಚಹವೊಂದರಲ್ಲೇ ಅದು ಮುಗಿಯಿತು! ಅಷ್ಟೇ ಅಲ್ಲ, ಒಂದೊಂದು ಸಿಹಿ ಚಹವೂ ಗ್ರಂಥಿಯನ್ನು ಮತ್ತೆ ಕೆಲಸಕ್ಕೆ ಎಬ್ಬಿಸುತ್ತದೆ. ಅಪ್ಪ ಮಗ, ಅಣ್ಣ ತಮ್ಮ ಪಾಳಿಯ ಮೇಲೆ ಗಲ್ಲೆಯಲ್ಲಿ ಕೂತು ಎರಡರೊಳಗೆ ಉಣ್ಣಬಹುದು. ರಾತ್ರಿಯ ಡಬ್ಬಿಯನ್ನು ಎಂಟಕ್ಕೆ ಅಂಗಡಿಗೇ ತರಿಸಿಕೊಳ್ಳಬಹುದು. ಉಂಡ ಮೇಲೆ ಹತ್ತು ನಿಮಿಷ ಬೀದಿಯ ಉದ್ದಕ್ಕೂ ನಡೆದು ಬಂದರೆ ರಕ್ತದ ಸಕ್ಕರೆ ತಗ್ಗುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ.

ರಕ್ತ ಪರೀಕ್ಷೆಯ ವಿಚಾರವನ್ನೂ ನೆನಪಿಡಿ. ಬರಿ ಹೊಟ್ಟೆಯ ಪರೀಕ್ಷೆಗೆ ಮುನ್ನ ಎಂಟು ಗಂಟೆ ಏನನ್ನೂ ತಿಂದಿರಬಾರದು. ರಾತ್ರಿ ಪಾಳಿಯಲ್ಲಿ ಮೂರಕ್ಕೆ ಉಂಡವನು ಏಳಕ್ಕೆ ರಕ್ತ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಪಾಳಿಯ ವಿಷಯವನ್ನು ಡಾಕ್ಟರಿಗೆ ನೀವೇ ಮೊದಲು ಹೇಳಬೇಕು. ಬರಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕೂ ಮೇಲೆ ಕಂಡು, ಮತ್ತೊಂದು ದಿನವೂ ಹಾಗೆಯೇ ಬಂದರೆ ಅದನ್ನು ಸಕ್ಕರೆ ಕಾಯಿಲೆಯೆಂದು ಎಣಿಸುತ್ತಾರೆ.

ಒಬ್ಬೊಬ್ಬರ ಕೈಯಲ್ಲಿಲ್ಲದ್ದು

ಆದರೆ ಬಂಧುಗಳೇ, ಇಷ್ಟನ್ನೇ ಹೇಳಿ ಇಳಿದುಬಿಟ್ಟರೆ ನಾವೂ "ಬಾಯಿ ಕಟ್ಟು" ಎನ್ನುವವರ ಸಾಲಿಗೇ ಸೇರುತ್ತೇವೆ. ಸಂಜೆ ಆರೂವರೆಗೆ ಉಣ್ಣಿರಿ ಎಂದು ನಾವು ಹೇಳಬಹುದು; ಆ ಹೊತ್ತಿಗೆ ಯಂತ್ರ ನೋಡಿಕೊಳ್ಳಲು ಬದಲಿ ಆಳೇ ಇಲ್ಲದಿದ್ದರೆ ಉಣ್ಣುವುದು ಹೇಗೆ? ಬುತ್ತಿಯನ್ನು ಯಂತ್ರದ ಪಕ್ಕದಲ್ಲೇ ಹತ್ತಿಯ ಧೂಳಿನಲ್ಲಿ ಐದು ನಿಮಿಷಕ್ಕೆ ನುಂಗುವುದನ್ನು ಊಟವೆನ್ನಲಾದೀತೆ?

ಐದು ಗಂಟೆ ದುಡಿಸಿದ ಮೇಲೆ ಅರ್ಧ ಗಂಟೆಯ ವಿರಾಮ ಕೊಡಬೇಕೆಂದು 1948ರ ಕಾರ್ಖಾನೆ ಕಾಯಿದೆ ಹೇಳಿತು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನು ನಡೆಸುವಂತೆ ಸರ್ಕಾರ ನಿಯಮ ಮಾಡಬಹುದೆಂದಿತು. ಆ ಕಾಯಿದೆಯ ಜಾಗಕ್ಕೆ ಬಂದ 2020ರ ಸಂಹಿತೆ 2025ರ ನವೆಂಬರ್‌ನಲ್ಲಿ ಜಾರಿಯಾಯಿತು. ಗುತ್ತಿಗೆಯವರೂ ಸೇರಿ ನೂರು ಕಾರ್ಮಿಕರಿರುವಲ್ಲಿ ಕ್ಯಾಂಟೀನಿನ ಮಾತನ್ನು ಅದು ಎತ್ತಿದೆ. ಕಾಗದದ ಮೇಲೆ ಇದು ಒಳ್ಳೆಯದೇ. ಆದರೆ ಆ ಕ್ಯಾಂಟೀನು ಯಾವ ಹೊತ್ತಿಗೆ ತೆರೆದಿರಬೇಕು, ಅಲ್ಲಿ ಬಿಸಿ ಊಟವಿರಬೇಕೋ ಸಿಹಿ ಚಹ ಮತ್ತು ಕರಿದ ಬಜ್ಜಿ ಇದ್ದರೆ ಸಾಕೋ, ಇದನ್ನು ನಾವೇ ಕೇಳಿ ಗೊತ್ತುಮಾಡಿಸಬೇಕು.

ಇನ್ನೊಂದು ಕಡೆ ನೋಡಿ. 2023ರಲ್ಲಿ ಕರ್ನಾಟಕದ ಶಾಸನಸಭೆ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡಿತು. ವಾರದ ಲೆಕ್ಕ ಸರಿಯಾಗಿಯೇ ಇದೆಯಲ್ಲ ಎನ್ನುವವರಿದ್ದಾರೆ. ಕರುಳು ವಾರದ ಲೆಕ್ಕವನ್ನು ಓದುವುದಿಲ್ಲ, ದಿನದ ಲೆಕ್ಕವನ್ನು ಓದುತ್ತದೆ. ಹನ್ನೆರಡು ಗಂಟೆ ಕೆಲಸ, ಹೋಗಿಬರಲು ಎರಡು ಗಂಟೆ, ನಿದ್ದೆಗೆ ಏಳು ಗಂಟೆ. ಉಳಿದದ್ದು ಮೂರೇ ಗಂಟೆ. ಸ್ನಾನ, ಅಡುಗೆ, ಊಟ, ಮಕ್ಕಳು ಎಲ್ಲವೂ ಆ ಮೂರು ಗಂಟೆಯಲ್ಲೇ. ಅಂಥ ಮನೆಯಲ್ಲಿ ಬೇಗ ಉಣ್ಣಿರಿ ಎಂದು ಬೋಧಿಸುವುದು ಪರಿಹಾಸ್ಯವಾದೀತು.

ಆದುದರಿಂದ ನಾವು ಕೇಳಬೇಕಾದದ್ದು ಇಷ್ಟು. ಪ್ರತಿ ಪಾಳಿಯಲ್ಲೂ ಊಟಕ್ಕೆ ಪೂರ್ತಿ ಅರ್ಧ ಗಂಟೆ, ಆ ಹೊತ್ತಿಗೆ ಯಂತ್ರಕ್ಕೆ ಬದಲಿ ಆಳು. ಎರಡನೆಯ ಪಾಳಿಯವರ ವಿರಾಮ ರಾತ್ರಿ ಎಂಟರೊಳಗೆ. ಕ್ಯಾಂಟೀನಿನಲ್ಲಿ ಸಂಜೆ ಬಿಸಿ ಊಟ, ರಾತ್ರಿ ಹಗುರವಾದ ತಿನಿಸು, ಸಕ್ಕರೆ ಹಾಕದ ಚಹವೂ ಸಿಗುವ ಏರ್ಪಾಡು. ಪಾಳಿಯ ಪಟ್ಟಿ ಮುಂಚಿತವಾಗಿ ಗೋಡೆಯ ಮೇಲೆ. ಹಿಂದಿನ ದಿನ ಕರೆದು ಬದಲಿಸುವುದು ಕೂಡದು. ವರ್ಷಕ್ಕೊಮ್ಮೆ ರಕ್ತದ ಸಕ್ಕರೆಯ ಪರೀಕ್ಷೆ. ಇವೆಲ್ಲ ಗುತ್ತಿಗೆಯವರಿಗೂ ಸಮಾನವಾಗಿ ಇರಬೇಕು.

ವರ್ತಕ ಬಂಧುಗಳು ಮಾಡಬಹುದಾದ ಕೆಲಸವೂ ಇದೆ. ಒಬ್ಬ ಒಂಬತ್ತಕ್ಕೆ ಬಾಗಿಲೆಳೆದರೆ ಗಿರಾಕಿ ಪಕ್ಕದವನಿಗೆ ಹೋದಾನು ಎಂಬ ಭಯ ನಿಜವಾದದ್ದೇ. ಒಂದು ಬೀದಿಯವರೆಲ್ಲ ಕೂಡಿ ಒಪ್ಪಿ ಒಂದೇ ಹೊತ್ತಿಗೆ ಬಾಗಿಲೆಳೆದರೆ ಯಾರ ಗಿರಾಕಿಯೂ ಎಲ್ಲಿಗೂ ಹೋಗುವುದಿಲ್ಲ. ಒಂದು ಗಂಟೆ ಮುಂಚೆ ಬರುತ್ತಾನೆ ಅಷ್ಟೆ. ಅಂಗಡಿಯ ಆಳುಗಳಿಗೂ ಆಗ ಹೊತ್ತಿನ ಊಟ ದೊರೆಯುತ್ತದೆ. ಒಬ್ಬನಿಂದಾಗದ್ದು ಒಕ್ಕೂಟದಿಂದ ಆಗುತ್ತದೆ ಎಂಬುದನ್ನು ನಮ್ಮ ಕಾರ್ಮಿಕರು ಕೂಲಿಯ ವಿಷಯದಲ್ಲಿ ಕಲಿತರು. ವರ್ತಕರು ಅದನ್ನು ಬಾಗಿಲೆಳೆಯುವ ವಿಷಯದಲ್ಲಿ ಕಲಿಯಬಹುದು.

ಎಂಟು ಗಂಟೆಯ ದುಡಿಮೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ತನ್ನ ಮೊದಲನೆಯ ಒಡಂಬಡಿಕೆಯಾಗಿ ಬರೆಯಿತು. ಅದಕ್ಕಾಗಿ ಹೋರಾಡಿದವರಿಗೆ ಯಕೃತ್ತಿನ ಗಡಿಯಾರದ ವಿಷಯ ತಿಳಿದಿರಲಿಲ್ಲ. ಮನುಷ್ಯನಿಗೆ ದಿನವೆಂಬುದೊಂದು ಬೇಕು ಎಂಬುದಷ್ಟೇ ತಿಳಿದಿತ್ತು. ಅವರು ಮೈಯರಿತು ಆಡಿದ ಮಾತನ್ನು ಈಗ ಪ್ರಯೋಗಶಾಲೆ ಅಂಕಿಗಳಲ್ಲಿ ಹೇಳುತ್ತಿದೆ. ಉಣ್ಣುವ ತುತ್ತಿಗಾಗಿ ನಾವು ದುಡಿಯುತ್ತೇವೆ. ಆ ತುತ್ತನ್ನು ಹೊತ್ತಿಗೆ ಸರಿಯಾಗಿ ಉಣ್ಣುವ ಹಕ್ಕನ್ನೂ ಕೂಲಿಯ ಜೊತೆಗೇ ಎಣಿಸಿಕೊಳ್ಳೋಣ. ಮುಂದಿನ ಬೇಡಿಕೆ ಪಟ್ಟಿಯಲ್ಲಿ ಊಟದ ಹೊತ್ತಿಗೆ ಒಂದು ಸಾಲು ಇರಲಿ. ಇಂದು ರಾತ್ರಿ ಮನೆಯಲ್ಲಿ ಕಾದಿರುವವರಿಗೆ ಬೇಗ ಉಣ್ಣಲು ಹೇಳಿ, ಅಲ್ಲಿಂದಲೇ ಆರಂಭ ಮಾಡೋಣ.